ಎರಡು ಮೊಹರುಗಳ ನಡುವೆ

ಕಂತು ಆರು

ಅಝೀಝ್ ಮೂರನೇ ಸಲ ತಲೆ ಎಣಿಸಿದ. ಈ ಸಲವೂ ಮೂವತ್ತೊಂದೇ ಬಂತು.

ಸೌದಿಯ ಕೌಂಟರಿನಲ್ಲಿ ನಿರ್ಗಮನದ ಮೊಹರು ಹಾಕಿಸಿಕೊಂಡು ಬಸ್ಸು ಹತ್ತಿದವರು ಮೂವತ್ತೆರಡು ಜನ. ಅಲ್ಲಿಂದ ಬಹರೈನಿನ ಕೌಂಟರಿಗೆ ಇರುವುದು ಸ್ವಲ್ಪವೇ ದಾರಿ. ಸೇತುವೆಯ ನಡುವಿನ ದ್ವೀಪ ಅದು, ಸುತ್ತಲೂ ಸಮುದ್ರ. ಆ ಸ್ವಲ್ಪ ದಾರಿಯಲ್ಲಿ ಜಾರ್ಜ್ ಎಂಬ ಐವತ್ತಾರು ವರ್ಷದ ಮನುಷ್ಯ ಕಾಣೆಯಾಗಿದ್ದ.

ಒಂದು ದೇಶ ಅವನನ್ನು ಹೊರಗೆ ಕಳಿಸಿತ್ತು. ಇನ್ನೊಂದು ದೇಶಕ್ಕೆ ಅವನು ಬಂದಿರಲಿಲ್ಲ.

ಶನಿವಾರ ಮಧ್ಯಾಹ್ನ ಮೂರೂವರೆ. ಬೆಳಿಗ್ಗೆ ಸೌದಿಯ ಹೊಫೂಫ್ ಪಟ್ಟಣ ಬಿಡುವಾಗಲೇ ಮರುಭೂಮಿಯಲ್ಲಿ ಎದ್ದಿದ್ದ ಮರಳುಗಾಳಿ ಬಸ್ಸಿನ ಬೆನ್ನು ಹತ್ತಿ ಸೇತುವೆಯ ತನಕ ಬಂದಿತ್ತು. ಸೂರ್ಯ ತಾಮ್ರದ ತಟ್ಟೆಯ ಹಾಗೆ ಮಂಕಾಗಿದ್ದ. ಇಪ್ಪತ್ತು ಹೆಜ್ಜೆ ಆಚೆಗಿನ ವಾಹನ ಹಳದಿ ಮಸುಕಿನಲ್ಲಿ ಬರಿಯ ಎರಡು ದೀಪಗಳಾಗಿ ಕಾಣುತ್ತಿತ್ತು.

ಖರ್ಜೂರದ ತೋಟ, ಸುಣ್ಣಕಲ್ಲಿನ ಗುಹೆ ಅಂತ ಎರಡು ದಿನ ತಿರುಗಿ ಬಂದ ಬಹರೈನಿನಲ್ಲಿ ನೆಲೆಸಿದ ಕರಾವಳಿಯ ಕುಟುಂಬಗಳು ಬಹರೈನ್ ಕೌಂಟರಿನ ಹಾಲಿನ ಒಂದು ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಪೊಲೀಸರು ಶೌಚಾಲಯ, ಮಸೀದಿ, ಚಹಾದಂಗಡಿ ಎಲ್ಲವನ್ನೂ ಒಮ್ಮೆ ಹುಡುಕಿ ಬಂದು, ಮತ್ತೊಮ್ಮೆ ಹುಡುಕಲು ಹೋಗಿದ್ದರು.

ಟೂರ್ ಏರ್ಪಾಡು ಮಾಡಿದ್ದ ಅಝೀಝ್, ಅದೇ ಟೂರಿಗೆ ಬಂದಿದ್ದ ಪ್ರಫುಲ್ಲಾಳ ಹತ್ತಿರ ನೇರ ಬಂದ.

"ಅಕ್ಕ, ನೀವೊಮ್ಮೆ ಬಸ್ಸು ನೋಡ್ತೀರಾ?" ಅಂದ.

ಪ್ರಫುಲ್ಲಾ ಪೊಲೀಸ್ ಇಲಾಖೆಯವಳಲ್ಲ. ಬಹರೈನಿನ ಮನಾಮಾದ ಒಂದು ಕಚೇರಿಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ವೀಸಾ ಕಾಗದ ನೋಡಿಕೊಳ್ಳುವವಳು. ಪಾಸ್‌ಪೋರ್ಟ್ ಕಳಕೊಂಡವರು, ವೀಸಾ ಕೊಟ್ಟ ಧಣಿ ಕಫೀಲನನ್ನು ಬಿಟ್ಟು ಓಡಿದವರು, ಬೇರೆ ಹೆಸರಿನಲ್ಲಿ ಬಂದಿಳಿದವರು, ಎಲ್ಲರೂ ಅವಳ ಮೇಜಿನ ಎದುರು ಕೂತು ಸುಳ್ಳು ಹೇಳಿ ಹೋದವರೇ. ಸುಳ್ಳು ಕೇಳಿ ಕೇಳಿ ಅವಳ ಕಿವಿ ಪಳಗಿತ್ತು. ಮೂರು ವರ್ಷದ ಹಿಂದೆ ಕಾಣೆಯಾಗಿದ್ದ ಒಬ್ಬ ಮನೆಕೆಲಸದ ಹೆಂಗಸನ್ನು ಹುಡುಕಿಕೊಟ್ಟ ಮೇಲಂತೂ, ರಿಫಾದಲ್ಲಿ ನೆಲೆಸಿದ ಕರಾವಳಿಯವರ ಮನೆಗಳಲ್ಲಿ ಏನು ಆದರೂ ಮೊದಲ ಫೋನ್ ಅವಳಿಗೇ ಹೋಗುತ್ತಿತ್ತು.

ಅವಳು ಮೊದಲು ಜಾರ್ಜ್‌ನ ಹೆಂಡತಿ ಫ್ಲೆನ್ಸಿಯನ್ನು ಬಸ್ಸಿನೊಳಗೆ ಕರೆದುಕೊಂಡು ಹೋದಳು.

ಫ್ಲೆನ್ಸಿ ನರ್ಸ್. ಬೇರೆಯವರ ಮನೆಯ ಕೆಟ್ಟ ಸುದ್ದಿಯ ಪಕ್ಕದಲ್ಲಿ ನಿಂತು ಅಭ್ಯಾಸವಿದ್ದವಳು. ಅಳಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಆದರೆ ಪ್ರತಿ ಉತ್ತರದ ಮೊದಲು ಕಿಟಕಿಯ ಆಚೆ ಒಮ್ಮೆ ನೋಡುತ್ತಿದ್ದಳು. ಸೌದಿ ಕೌಂಟರ್ ದಾಟಿ ಬಸ್ಸು ಹತ್ತಿದ ಕೂಡಲೇ ಜಾರ್ಜ್ ಸೊಂಟ ನೋವು ಅಂದನಂತೆ. ಹಿಂದಿನ ಉದ್ದ ಸೀಟಿನಲ್ಲಿ ಕಾಲು ಚಾಚಿಕೊಳ್ಳುತ್ತೇನೆ ಎಂದು ಎದ್ದು ಹೋದನಂತೆ. ಅವಳಿಗೆ ತೂಕಡಿಕೆ ಬಂದಿತ್ತು. ಎಚ್ಚರಾದಾಗ ಬಸ್ಸು ಬಹರೈನ್ ಹಾಲಿನ ಎದುರು ನಿಂತಿತ್ತು.

ಹಿಂದಿನ ಸೀಟಿನಲ್ಲಿ ಜಾರ್ಜ್‌ನ ಕೋಟು ಮಡಚಿಟ್ಟ ಹಾಗೇ ಇತ್ತು. ಎದುರಿನ ಬಲೆಯ ಚೀಲದಲ್ಲಿ ಅವನ ಮೊಬೈಲ್ ಇತ್ತು. ಪ್ರಫುಲ್ಲಾ ಕರ್ಚೀಪಿನಲ್ಲಿ ಹಿಡಿದು ತೆಗೆದಳು. ಸ್ವಿಚ್ ಆಫ್ ಆಗಿತ್ತು.

"ಮೊಬೈಲ್ ಬಿಟ್ಟು ಹೋಗುವ ಜನ ಅಲ್ಲ ಅವರು," ಅಂದಳು ಫ್ಲೆನ್ಸಿ. "ಸ್ನಾನಕ್ಕೂ ತಕೊಂಡು ಹೋಗ್ತಾರೆ."

"ಆ ನೀಲಿ ಫೈಲು?"

ಎರಡು ದಿನ ಜಾರ್ಜ್‌ನ ಕಂಕುಳಿನಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಫೈಲು ಇದ್ದೇ ಇತ್ತು. ಊಟದ ಮೇಜಿಗೂ ತರುತ್ತಿದ್ದ. ಬಸ್ಸಿನ ಹುಡುಗಿಯರು ಅದಕ್ಕೆ ನಗಾಡಿದ್ದರು. ಈಗ ಅದು ಸೀಟಿನಲ್ಲಿಲ್ಲ, ಮೇಲಿನ ಕಪಾಟಿನಲ್ಲಿಲ್ಲ, ಬ್ಯಾಗಿನಲ್ಲೂ ಇಲ್ಲ.

ಶೌಚಾಲಯಕ್ಕೆ ಹೋಗುವವನು ಫೋನ್ ಬಿಟ್ಟು ಫೈಲು ತಕೊಂಡು ಹೋಗುವುದಿಲ್ಲ. ಎತ್ತಿಕೊಂಡು ಹೋದವರು ಕೋಟು ಮಡಚಿಡುವುದಿಲ್ಲ. ಅವನು ತಾನಾಗಿಯೇ ಹೋಗಿದ್ದ. ಫೋನ್ ತರಬೇಡ ಎಂದು ಯಾರೋ ಹೇಳಿದ್ದರು.

ಪ್ರಫುಲ್ಲಾ ಫೈಲಿನಲ್ಲಿ ಏನಿತ್ತು ಎಂದು ಕೇಳಿದಳು. ಫ್ಲೆನ್ಸಿ ದನಿ ತಗ್ಗಿಸಿ ಹೇಳಿದಳು.

ಜಾರ್ಜ್ ಸಿತ್ರಾದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸೇಫ್ಟಿ ಇನ್‌ಸ್ಪೆಕ್ಟರ್. ಐದು ತಿಂಗಳ ಹಿಂದೆ ಅಲ್ಲಿ ಗ್ಯಾಸ್ ಸೋರಿ ವಿಖ್ಯಾತ್ ಎಂಬ ಆಪರೇಟರ್ ಸತ್ತ. ಇಪ್ಪತ್ತೆಂಟು ವರ್ಷದವನು. ಅವನ ಹೆಂಡತಿ ಅನ್ವಿತಾ ಆಗ ಹಮದ್ ಟೌನಿನ ಫ್ಲ್ಯಾಟಿನಲ್ಲಿ ಏಳು ತಿಂಗಳ ಬಸುರಿ. ಪರ್ಮಿಟ್ ಎಂಬ ಅನುಮತಿ ಚೀಟಿ ಇಲ್ಲದೆ ತಾನೇ ಹೋಗಿ ವಾಲ್ವ್ ಬಿಚ್ಚಿದ, ತಪ್ಪು ಅವನದೇ ಎಂದು ಕಂಪನಿ ಬರೆದು ಮುಗಿಸಿತು. ಆದರೆ ಪರ್ಮಿಟ್ ಇತ್ತು. ಅದರ ಒಂದು ಪ್ರತಿ ಜಾರ್ಜ್‌ನ ಕೈಗೆ ಸಿಕ್ಕಿತ್ತು. ವಿಖ್ಯಾತನನ್ನು ಒಳಗೆ ಕಳಿಸಿದವರ ಸಹಿ ಅದರಲ್ಲಿತ್ತು.

ನಾಳೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ವಿಚಾರಣೆ. ಜಾರ್ಜ್ ಆ ಕಾಗದವನ್ನು ಅಲ್ಲಿ ಇಡುವವನಿದ್ದ.

"ಸಹಿ ಯಾರದ್ದು?"

"ನನಗೆ ಹೇಳಲಿಲ್ಲ ಅಕ್ಕ. ಎರಡೇ ಅಕ್ಷರ ಉಂಟಂತೆ, ಸರಿ ಗೊತ್ತಾಗುವುದಿಲ್ಲವಂತೆ. ಒಬ್ಬರನ್ನು ಕೇಳಿ ಗಟ್ಟಿ ಮಾಡಿಕೊಂಡು ಹೇಳ್ತೇನೆ ಅಂದರು."

ಈ ವಾರ ಮನೆಗೆ ಮೂರು ಸಲ ಯಾರೋ ಫೋನ್ ಮಾಡಿ ಮಾತಾಡದೆ ಇಟ್ಟಿದ್ದರು. ಎರಡು ದಿನ ಬಹರೈನಿನಿಂದ ಹೊರಗೆ ಇದ್ದು ಬನ್ನಿ ಎಂದು ಟೂರಿಗೆ ಹೆಸರು ಕೊಡಿಸಿದ್ದು ಜಯರಾಜಣ್ಣ ಎಂದಳು ಫ್ಲೆನ್ಸಿ. ಜಯರಾಜ ಅದೇ ಕಾರ್ಖಾನೆಯಲ್ಲಿ ಮ್ಯಾನೇಜರ್, ಜಾರ್ಜ್‌ಗೆ ಇಪ್ಪತ್ತು ವರ್ಷದ ಗೆಳೆಯ. ತಾನೂ ಬರುವವನಿದ್ದವನು ಶುಕ್ರವಾರ ಬೆಳಿಗ್ಗೆ ಜ್ವರ ಎಂದು ಮನೆಯಲ್ಲೇ ಉಳಿದಿದ್ದ. ಪಾಪ, ದಿನಕ್ಕೆರಡು ಸಲ ಫೋನ್ ಮಾಡಿ ವಿಚಾರಿಸುತ್ತಿದ್ದ.

ಪ್ರಫುಲ್ಲಾ ಬಸ್ಸಿನ ಹಿಂದಿನ ಬಾಗಿಲಿನ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತಳು.

ಎರಡು ದಿನವೂ ಎಲ್ಲರೂ ಹತ್ತಿ ಇಳಿದದ್ದು ಮುಂದಿನ ಬಾಗಿಲಿನಿಂದ. ಹಿಂದಿನದನ್ನು ಡ್ರೈವರ್ ಮೂಸಬ್ಬ ತೆರೆಯುತ್ತಲೇ ಇರಲಿಲ್ಲ. ಬಾಗಿಲ ಸಂದಿನಿಂದ ಒಳನುಗ್ಗಿದ ಮರಳು ಮೆಟ್ಟಿಲುಗಳ ಮೇಲೆ ಜರಡಿ ಹಿಡಿದ ಹಿಟ್ಟಿನ ಹಾಗೆ ಕೂತಿತ್ತು. ಆ ಹಿಟ್ಟಿನಲ್ಲಿ ಗುರುತುಗಳಿದ್ದವು.

ರಬ್ಬರ್ ಚಪ್ಪಲಿಯ ಒಂದು ಜೊತೆ ಗುರುತು, ಕೆಳಗೆ ಇಳಿದದ್ದು. ಅದೇ ಚಪ್ಪಲಿ ಮೇಲೆ ಹತ್ತಿದ್ದು. ಬೂಟಿನ ಒಂದು ಜೊತೆ ಗುರುತು, ಇಳಿದದ್ದು ಮಾತ್ರ.

ಅವಳು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದು, ಯಾರೂ ಈ ಕಡೆ ಬರದ ಹಾಗೆ ನೋಡಿಕೊಳ್ಳಲು ಅಝೀಝ್‌ಗೆ ಹೇಳಿದಳು.

ಮೂಸಬ್ಬ ಸ್ಟೇರಿಂಗಿನ ಹಿಂದೆ ಕೂತಿದ್ದ. ಮೂವತ್ತು ವರ್ಷ ಈ ಸೇತುವೆಯಲ್ಲಿ ಬಸ್ಸು ಓಡಿಸಿದವನು, ಇವತ್ತು ಅವನ ಮುಖ ಬಿಳಿಚಿಕೊಂಡಿತ್ತು. ಕೇಳುವ ಮೊದಲೇ ಹೇಳಿದ. ಎರಡು ಕೌಂಟರುಗಳ ನಡುವೆ ಸಾಲು ಮುಂದೆ ಹೋಗದೆ ಬಸ್ಸು ನಿಂತಿತ್ತು. ಆಗ ಸಂದೇಶ್ ಮುಂದೆ ಬಂದು ವಾಂತಿ ಬರ್ತದೆ, ಹಿಂದಿನ ಬಾಗಿಲು ತೆಗೆಯಿರಿ ಅಂದ. ಅಲ್ಲಿ ಇಳಿಸಬಾರದು ಎಂದು ಗೊತ್ತಿದ್ದೂ ತೆಗೆದೆ. ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ಧೂಳಿಗೆ ಕನ್ನಡಿಯಲ್ಲಿ ಏನೂ ಕಾಣಲಿಲ್ಲ.

"ಎಷ್ಟು ಹೊತ್ತಿಗೆ?"

"ಅಸರ್ ನಮಾಝಿನ ಬಾಂಗ್ ಆಗಿ ಸ್ವಲ್ಪ ಹೊತ್ತಿಗೆ. ಮೂರು ಗಂಟೆ ಆಸುಪಾಸು ಇಡಿ ಅಕ್ಕ."

ಸಂದೇಶ್ ಬಸ್ಸಿನ ಮರೆಯಲ್ಲಿ ಒಬ್ಬನೇ ನಿಂತಿದ್ದ. ಮೂವತ್ತು ವರ್ಷದ ಹುಡುಗ, ಜಾರ್ಜ್‌ನ ಕಾರ್ಖಾನೆಯಲ್ಲೇ ಟೆಕ್ನೀಶಿಯನ್. ಎರಡು ದಿನ ಯಾರ ಫೋಟೋದಲ್ಲೂ ನಿಲ್ಲದೆ ಹಿಂದೆ ಹಿಂದೆ ಸರಿದವನು. ಪ್ರಫುಲ್ಲಾ ಅವನ ಕಾಲು ನೋಡಿದಳು. ಹೊಫೂಫಿನ ಮಾರ್ಕೆಟಿನಲ್ಲಿ ಕೊಂಡ ಹೊಸ ರಬ್ಬರ್ ಚಪ್ಪಲಿ.

ಗಾಳಿ ಮರಳನ್ನು ಎರಚುತ್ತಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವನ ಪಕ್ಕದಲ್ಲಿ ನಿಂತಳು.

"ವಾಂತಿ ಎಲ್ಲಿ ಮಾಡಿದ್ದು ಸಂದೇಶ್?"

"ಬರಲಿಲ್ಲ ಅಕ್ಕ. ಬರುವ ಹಾಗೆ ಆಯ್ತು, ಅಷ್ಟೆ."

"ಬೆಳಿಗ್ಗೆಯಿಂದ ನೀನು ನೀರು ಬಿಟ್ಟು ಏನೂ ಮುಟ್ಟಲಿಲ್ಲ."

"ಹೊಟ್ಟೆ ಸರಿ ಇರಲಿಲ್ಲ."

"ಇಳಿದು ಹತ್ತಿದ್ದು ನೀನೊಬ್ಬನೇಯಾ?"

"ಹೌದು."

"ಹಾಗಾದರೆ ಮೆಟ್ಟಿಲಿನ ಮೇಲೆ ಬೂಟಿನ ಗುರುತು ಯಾರದ್ದು? ಇಳಿದದ್ದು ಉಂಟು, ಹತ್ತಿದ್ದು ಇಲ್ಲ."

ಸಂದೇಶ್ ಮರಳು ಬಿದ್ದ ನೆಪದಲ್ಲಿ ಕಣ್ಣು ಉಜ್ಜಿಕೊಂಡ.

ಪ್ರಫುಲ್ಲಾ ಅವನನ್ನು ಬೈಯಲಿಲ್ಲ. ಇಪ್ಪತ್ತನಾಲ್ಕು ವರ್ಷ ಮೇಜಿನ ಆಚೆ ಕೂತವರಿಗೆ ಅವಳು ಕೊಡುತ್ತಿದ್ದದ್ದು ಸಮಯ ಮಾತ್ರ. ಈಗಲೂ ಅದನ್ನೇ ಕೊಟ್ಟಳು. ಆಮೇಲೆ ಮೆಲ್ಲ ಹೇಳಿದಳು, "ಪೊಲೀಸರು ಆ ಮೆಟ್ಟಿಲು ಇನ್ನೂ ನೋಡಲಿಲ್ಲ. ನೋಡಿದ ಮೇಲೆ ನಿನ್ನನ್ನು ನಾನಲ್ಲ ಕೇಳುವುದು. ಅಷ್ಟರೊಳಗೆ ಜಾರ್ಜ್ ಎಲ್ಲಿಗೆ ಮುಟ್ಟಿರ್ತಾರೋ."

"ಅವರೇ ಹೇಳಿದ್ದು ಅಕ್ಕ."

"ಯಾರು?"

"ಜಾರ್ಜ್ ಸರ್. ಬಾಗಿಲು ತೆಗೆಸು ಅಂತ ಅವರೇ ಹೇಳಿದ್ದು."

ಮತ್ತೆ ಮಾತು ತಡೆಯಲಿಲ್ಲ. ಬಹರೈನ್ ಗೇಟಿನ ಆಚೆ ಕಂಪನಿಯ ಜನ ಬಸ್ಸಿಗಾಗಿ ಕಾಯುತ್ತಿದ್ದಾರೆ, ಫೈಲು ಕಿತ್ತುಕೊಳ್ಳುತ್ತಾರೆ ಎಂದು ಜಾರ್ಜ್‌ಗೆ ಯಾರೋ ತಿಳಿಸಿದ್ದರಂತೆ, ಯಾರೆಂದು ಸಂದೇಶ್‌ಗೆ ಹೇಳಿರಲಿಲ್ಲವಂತೆ. ಅದಕ್ಕೆ ಬಸ್ಸಿನಲ್ಲಿ ಬರಬೇಡ, ಎರಡು ಕೌಂಟರುಗಳ ನಡುವೆ ಇಳಿ, ಹಿಂದಿನಿಂದ ನನ್ನ ಕಾರು ಬರುತ್ತದೆ, ಅದರಲ್ಲಿ ಕಾಗದ ಸರಿಮಾಡಿಕೊಂಡೇ ದಾಟೋಣ ಎಂದು ಹೇಳಿದ್ದರಂತೆ. ಫೋನ್ ಬಸ್ಸಿನಲ್ಲೇ ಇರಲಿ, ಫೋನಿದ್ದರೆ ಎಲ್ಲಿದ್ದೀಯೆಂದು ಗೊತ್ತಾಗುತ್ತದೆ. ಫ್ಲೆನ್ಸಿಗೂ ಹೇಳಬೇಡ, ಅವಳು ಹೆದರುತ್ತಾಳೆ. ರಿಫಾ ಮುಟ್ಟಿದ ಮೇಲೆ ಹೇಳಿದರಾಯಿತು.

"ನೀನು ಯಾಕೆ ಒಪ್ಪಿದ್ದು?"

ಸಂದೇಶ್ ನೆಲ ನೋಡಿಕೊಂಡು ಹೇಳಿದ. "ಪರ್ಮಿಟ್ ಇರಲಿಲ್ಲ ಅಂತ ಸಹಿ ಹಾಕಿದವರಲ್ಲಿ ನಾನೊಬ್ಬ. ವಿಖ್ಯಾತ್ ಮದುವೆಗೆ ಮೊದಲು ಎರಡು ವರ್ಷ ನನ್ನ ರೂಮಿನಲ್ಲಿ ಇದ್ದವ ಅಕ್ಕ. ನನ್ನ ಪಾತ್ರೆಯಲ್ಲಿ ಉಂಡವ. ಅನ್ವಿತಾ ಮಗು ತಕೊಂಡು ಒಂದು ಸಲ ಎದುರು ಸಿಕ್ಕಿದ್ರು. ನನ್ನನ್ನು ನೋಡಿ ಅಣ್ಣ ಚೆನ್ನಾಗಿದ್ದೀರಾ ಅಂತ ಕೇಳಿದ್ರು. ಅವತ್ತು ರಾತ್ರಿಯೇ ಜಾರ್ಜ್ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಾಳೆ ನಾನೂ ಸತ್ಯ ಹೇಳುವವನಿದ್ದೆ."

ಪ್ರಫುಲ್ಲಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಬ್ಬರು ಸಾಕ್ಷಿಗಳು ಒಂದೇ ಬಸ್ಸಿನಲ್ಲಿದ್ದರು. ಒಬ್ಬ ಹೋದ. ಇವನು ಇಲ್ಲಿ ಉಳಿದದ್ದು, ಇವನೂ ಸಾಕ್ಷಿ ಎಂಬುದು ಆಚೆಯವರಿಗೆ ಇನ್ನೂ ಗೊತ್ತಿಲ್ಲದ ಕಾರಣವೇ ಇರಬೇಕು.

"ಕಾರು ನೋಡಿದೆಯಾ?"

"ಬಿಳಿಯದ್ದು. ದೊಡ್ಡದು. ಬಹರೈನ್ ನಂಬರ್, ಕೊನೆಗೆ ಒಂಬತ್ತು ಸೊನ್ನೆ ಆರು."

"ಒಳಗೆ ಯಾರು?"

"ಗಾಜು ಕಪ್ಪು, ಕಾಣಲಿಲ್ಲ. ಬಾಗಿಲು ಒಳಗಿನಿಂದ ತೆರೆದರು. ಆಗ ಜಾರ್ಜ್ ಸರ್ ನಕ್ಕರು. ಗುರ್ತದವರನ್ನು ಕಂಡಾಗ ನಗ್ತಾರಲ್ಲ, ಹಾಗೆ. ಹತ್ತಿ ಕೂತರು." ಸಂದೇಶ್ ಬಸ್ಸು ಬಂದ ದಾರಿಯ ಕಡೆ ನೋಡಿದ. "ಆಮೇಲೆ ಕಾರಿನ ದೀಪ ಆರಿತು. ಅಷ್ಟು ಧೂಳಿನಲ್ಲಿ ಎಲ್ಲರೂ ದೀಪ ಹಾಕಿಕೊಂಡಿದ್ರು. ಅದೊಂದೇ ಆರಿಸಿದ್ದು. ನನಗೆ ಆಗಲೇ ಸರಿ ಅನಿಸಲಿಲ್ಲ. ಆದರೂ ಬಸ್ಸು ಹತ್ತಿದೆ."

ಪ್ರಫುಲ್ಲಾ ಅವನನ್ನು ಅಝೀಝ್‌ನ ಪಕ್ಕದಲ್ಲಿ ಕೂರಿಸಿ, ಕಣ್ಣಿಂದ ಆಚೆ ಬಿಡಬೇಡ ಎಂದು ಹೇಳಿ, ಫ್ಲೆನ್ಸಿಯ ಕೈ ಹಿಡಿದುಕೊಂಡು ಅಧಿಕಾರಿಯ ಕೋಣೆಗೆ ನಡೆದಳು.

ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವನು, ಗಡ್ಡ ನೀಟಾಗಿ ಕತ್ತರಿಸಿದ್ದ. ಪ್ರಫುಲ್ಲಾಳ ಅರಬ್ಬಿ ಕೇಳಿ ಕುರ್ಚಿ ತೋರಿಸಿದ. ಅವಳು ಹೆಚ್ಚು ಮಾತಾಡಲಿಲ್ಲ. ಮೆಟ್ಟಿಲಿನ ಫೋಟೋ ತೋರಿಸಿದಳು. ಕಾರಿನ ಮೂರು ಅಂಕಿ ಹೇಳಿದಳು. ಎರಡೂ ಮುಕ್ಕಾಲರಿಂದ ಮೂರೂವರೆಯೊಳಗೆ ದಾಟಿದ ಬಿಳಿ ಕಾರುಗಳನ್ನು ನೋಡಿ ಎಂದು ಕೇಳಿಕೊಂಡಳು.

ಅವನು ಕಂಪ್ಯೂಟರಿನ ಮುಂದೆ ಕೂತ. ಸ್ವಲ್ಪ ಹೊತ್ತು ಕೀಲಿಗಳ ಸದ್ದು ಮಾತ್ರ ಇತ್ತು. ಆಮೇಲೆ ಅದೂ ನಿಂತಿತು.

ಅಂತಹ ಕಾರು ಒಂದೇ ಇತ್ತು. ಹನ್ನೆರಡು ಗಂಟೆಗೆ ಬಹರೈನಿನಿಂದ ಸೌದಿಗೆ ದಾಟಿತ್ತು. ಮೂರು ಗಂಟೆಗೆ ಮೊದಲೇ ವಾಪಸು ಹೊರಟು, ಮೂರು ಇಪ್ಪತ್ತೊಂದಕ್ಕೆ ಬಹರೈನಿಗೆ ಮರಳಿತ್ತು. ಹೋಗುವಾಗ ಒಬ್ಬನೇ. ಬರುವಾಗಲೂ ದಾಖಲೆಯಲ್ಲಿ ಒಬ್ಬನೇ.

"ಜಾರ್ಜ್?" ಅಂದಳು ಫ್ಲೆನ್ಸಿ.

ಅಧಿಕಾರಿ ತಲೆ ಅಲ್ಲಾಡಿಸಿದ. ಆ ಹೆಸರು ಇಲ್ಲ. ಆಮೇಲೆ ಅವನು ಪ್ರಫುಲ್ಲಾಳ ಕಡೆ ತಿರುಗಿ, ಚಾಲಕ ನಿಮ್ಮ ಊರಿನವನೇ ಇರಬೇಕು ಎಂದು, ಪರದೆಯನ್ನು ಸ್ವಲ್ಪ ಓರೆ ಮಾಡಿದ.

ಫೋಟೋದಲ್ಲಿ ಇದ್ದವನು ಜಯರಾಜ.

ಫ್ಲೆನ್ಸಿ ಅದನ್ನು ನೋಡುತ್ತಲೇ ಇದ್ದಳು. ಜಯರಾಜಣ್ಣನಿಗೆ ಜ್ವರ, ಬೆಳಿಗ್ಗೆ ಹತ್ತಕ್ಕೆ ಮಾತಾಡಿದಾಗ ಕೂಡ ಹಾಸಿಗೆ ಬಿಟ್ಟು ಎದ್ದಿಲ್ಲ ಅಂದರು ಎಂದು ಎರಡು ಸಲ ಹೇಳಿದಳು. ಎರಡನೇ ಸಲ ಹೇಳುವಾಗ ಅವಳಿಗೇ ಅರ್ಥವಾಯಿತು. ಒಬ್ಬರನ್ನು ಕೇಳಿ ಗಟ್ಟಿ ಮಾಡಿಕೊಳ್ಳುತ್ತೇನೆ ಎಂದು ಜಾರ್ಜ್ ಹೋಗಿ ಕೇಳಿದ್ದು ಯಾರನ್ನು ಎಂಬುದು.

ಅಧಿಕಾರಿ ಆಗಲೇ ಫೋನಿನಲ್ಲಿ ಗಸ್ತು ವಾಹನಗಳಿಗೆ ಕಾರಿನ ನಂಬರ್ ಹೇಳುತ್ತಿದ್ದ. ದಾಟಿ ಹೋಗಿ ನಲವತ್ತು ನಿಮಿಷ ಹತ್ತಿರವಾಗಿತ್ತು. ಅಷ್ಟರಲ್ಲಿ ಈ ದೇಶದಲ್ಲಿ ಯಾವ ಮೂಲೆಗೂ ಹೋಗಬಹುದು.

ಆಗ ಫ್ಲೆನ್ಸಿಯ ಕೈಯಲ್ಲಿದ್ದ ಮೊಬೈಲ್ ನಡುಗಿತು. ಪರದೆಯ ಮೇಲೆ ಜಯರಾಜನ ಹೆಸರು ಬಂತು.

ಮೂವರೂ ಅದನ್ನೇ ನೋಡಿದರು. ಅಧಿಕಾರಿ ಸ್ಪೀಕರ್ ಹಾಕುವಂತೆ ಕೈಸನ್ನೆ ಮಾಡಿದ, ಮಾತು ಎಳೆಯುವಂತೆ ಇನ್ನೊಂದು ಸನ್ನೆ. ಪ್ರಫುಲ್ಲಾ ಫ್ಲೆನ್ಸಿಯ ಕಿವಿಯ ಹತ್ತಿರ ಬಾಗಿ ಹೇಳಿದಳು, "ನಿನಗೆ ಏನೂ ಗೊತ್ತಿಲ್ಲ. ಗಂಡ ಕಾಣ್ತಿಲ್ಲ, ಅಷ್ಟೇ ಗೊತ್ತು."

ಫ್ಲೆನ್ಸಿ ಗುಂಡಿ ಒತ್ತಿದಳು.

ಬಸ್ಸು ಎಲ್ಲಿಗೆ ಬಂತು ಎಂದು ಜಯರಾಜ ಕೇಳಿದ. ದಣಿದ, ಪ್ರೀತಿಯ ದನಿ. ನಡುವೆ ಒಮ್ಮೆ ಕೆಮ್ಮಿದ. ಫ್ಲೆನ್ಸಿ ಜಾರ್ಜ್ ಕಾಣಿಸುತ್ತಿಲ್ಲ ಎಂದು ಹೇಳಿದಳು. ಇಷ್ಟು ಹೊತ್ತು ತಡೆದಿದ್ದ ಅಳು ಈಗ ನಿಜವಾಗಿಯೇ ಬಂತು. ಆಚೆ ಕಡೆಯಿಂದ ಸಮಾಧಾನದ ಮಾತುಗಳು ಬಂದವು. ಹೆದರಬೇಡ, ಅಲ್ಲೇ ಎಲ್ಲೋ ಇರ್ತಾನೆ, ಧೂಳಿನಲ್ಲಿ ದಾರಿ ತಪ್ಪಿರಬಹುದು. ನನಗೆ ಏಳಲಿಕ್ಕೇ ಆಗ್ತಿಲ್ಲ, ಇಲ್ಲದಿದ್ದರೆ ಈಗಲೇ ಹೊರಟು ಬರ್ತಿದ್ದೆ. ನಿನ್ನ ಹತ್ತಿರ ಆ ಫೈಲು ಏನಾದರೂ ಕೊಟ್ಟಿದ್ದಾನಾ? ಅಥವಾ ಅದರಿಂದ ತೆಗೆದ ಒಂದು ಕಾಗದ?

ಪ್ರಫುಲ್ಲಾ ಆ ಪ್ರಶ್ನೆಯನ್ನು ಅರಬ್ಬಿಯಲ್ಲಿ ಗೀಚಿ ಅಧಿಕಾರಿಗೆ ತೋರಿಸಿದಳು. ಅಂದರೆ ಫೈಲು ಜಯರಾಜನ ಕೈ ಸೇರಿತ್ತು. ಬೇಕಾದ ಕಾಗದ ಅದರಲ್ಲಿರಲಿಲ್ಲ.

ಗೋಡೆಯ ಗಡಿಯಾರದಲ್ಲಿ ಸರಿಯಾಗಿ ನಾಲ್ಕಾಯಿತು.

ಫೋನಿನೊಳಗೆ, ಜಯರಾಜನ ಮಾತಿನ ಹಿಂದೆ, ಸಣ್ಣಗೆ ಏನೋ ಕೂಗತೊಡಗಿತು. ಬಿಟ್ಟು ಬಿಟ್ಟು ಎರಡೆರಡು ಸಲ. ಏನೋ ಹೊದಿಸಿಟ್ಟ ಹಾಗೆ, ಮುಚ್ಚಿದ ಜಾಗದೊಳಗಿನಿಂದ ಬಂದ ಹಾಗೆ.

ಫ್ಲೆನ್ಸಿಯ ಅಳು ಕತ್ತರಿಸಿದಂತೆ ನಿಂತಿತು. ಅವಳು ಮೇಜಿನ ಮೇಲಿದ್ದ ಪೆನ್ನು ಎಳೆದುಕೊಂಡು ಯಾವುದೋ ಫಾರಮಿನ ಬೆನ್ನಿಗೆ ಗೀಚಿದಳು. ಜಾರ್ಜ್‌ನ ವಾಚು. ನಾಲ್ಕು ಗಂಟೆಯ ಪ್ರೆಶರ್ ಮಾತ್ರೆಯ ಅಲಾರಾಂ.

ಅದರ ಕೆಳಗೆ ಇನ್ನೊಂದು ಸಾಲು ಬರೆದಳು. ಎಂತಹ ನಿದ್ರೆಯಲ್ಲೂ ಎರಡನೇ ಕೂಗಿಗೆ ಒತ್ತಿ ನಿಲ್ಲಿಸುತ್ತಾರೆ.

"ಜಯರಾಜಣ್ಣ," ಅಂದಳು. ದನಿ ನಡುಗಲಿಲ್ಲ. "ಅಲ್ಲಿ ಎಂತದ್ದು ಶಬ್ದ?"

ಆಚೆಯಿಂದ ಕೆಮ್ಮು ಮತ್ತೊಮ್ಮೆ ಕೇಳಿಸಿತು.

"ಯಾವ ಶಬ್ದ?" ಅಂದ ಜಯರಾಜ. "ನನಗೆ ಎಂತದ್ದೂ ಕೇಳ್ತಾ ಇಲ್ಲ."

ವಾಚು ಕೂಗುತ್ತಲೇ ಇತ್ತು. ಅದನ್ನು ಯಾರೂ ನಿಲ್ಲಿಸಲಿಲ್ಲ.